ಗೋಡೆಯ ಬಣ್ಣದ ಬಾಗಿಲು

ಮಾರ್ಚ್ ೩, ಸೋಮವಾರ

ನಮ್ಮಲ್ಲಿ ಯಾರೋ ಒಬ್ಬರು ಬಾಯಿ ಬಿಡುತ್ತಿದ್ದಾರೆ.

ಇದನ್ನು ಬರೆಯಲು ಇಷ್ಟವಿಲ್ಲ. ಆದರೆ ಯಾರ ಮುಂದೆಯೂ ಹೇಳುವಂತಿಲ್ಲವಲ್ಲ. ನರ್ಸುಗಳ ಸಂಘದ ಸಮಿತಿಯಲ್ಲಿ ನಾವಿರುವುದು ಏಳು ಜನ, ನಾನು ಕಾರ್ಯದರ್ಶಿ. ನಿನ್ನೆ ಎಲ್ಲರೂ ನಮ್ಮ ಮನೆಯಲ್ಲೇ ಸೇರಿದ್ದೆವು. ಸರ್ಕಾರ ಗೊತ್ತುಮಾಡಿದ ಸಂಬಳ ಕೊಡದಿದ್ದರೆ, ಡಯಾಲಿಸಿಸ್ ವಾರ್ಡಿಗೆ ಇನ್ನೊಬ್ಬ ನರ್ಸನ್ನು ಹಾಕದಿದ್ದರೆ, ಏಪ್ರಿಲ್ ಮೊದಲ ವಾರ ಮುಷ್ಕರ ಎಂದು ತೀರ್ಮಾನವಾಯಿತು. ನೋಟಿಸ್ ಕೊಡುವವರೆಗೆ ಗುಟ್ಟಾಗಿರಬೇಕು ಎಂದೂ ಮಾತಾಯಿತು. ಎಲ್ಲರೂ ಹೋದ ಮೇಲೆ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟು ಮಲಗಿದೆ.

ಇವತ್ತು ಮಧ್ಯಾಹ್ನ ಮ್ಯಾನೇಜರ್ ಡೇವಿಸ್ ಸಾರ್ ಕಾರಿಡಾರಿನಲ್ಲಿ ಎದುರಾಗಿ ನಕ್ಕರು. "ರೋಸಿಲಿ ಸಿಸ್ಟರ್, ಏಪ್ರಿಲ್‌ನಲ್ಲಿ ತ್ರಿಶೂರು ಕಾದ ಬಾಣಲೆ ಇದ್ದಂಗೆ. ಗೇಟಿನ ಹತ್ರ ಪೆಂಡಾಲ್ ಹಾಕೋದಾದ್ರೆ ದಪ್ಪ ಬಟ್ಟೆ ನೋಡಿ ಹಾಕ್ಸಿ."

ಟ್ರೇ ಹಿಡಿದು ವಾರ್ಡಿಗೆ ನಡೆದೆ.

ಮನೆಗೆ ಬಂದು ಪೌಲಿಗೆ ಹೇಳಿದೆ. ನಮ್ಮ ಉಪವಾಸದ ನೋಂಬು ಶುರುವಾಗಿದೆ; ಈಸ್ಟರ್‌ವರೆಗೆ ಚರ್ಚುಗಳಲ್ಲಿ ಹಬ್ಬವಿಲ್ಲ, ಬ್ಯಾಂಡಿನವರಿಗೆ ಕೆಲಸವಿಲ್ಲ, ಮನೆಯಲ್ಲಿ ಮೀನೂ ಇಲ್ಲ. ನನ್ನ ಗಂಡ ದಿನವಿಡೀ ಕ್ಲಾರಿನೆಟ್ ಒರೆಸಿಕೊಂಡು ಕೂತಿರುತ್ತಾನೆ.

"ಊಹೆ ಮಾಡಿರ್ತಾನೆ ಬಿಡೇ," ಎಂದ. "ಮ್ಯಾನೇಜರ್‌ಗಳಿಗೆ ಇನ್ನೇನು ಕೆಲ್ಸ?"

ಇರಬಹುದು.

ಮಾರ್ಚ್ ೭, ಶುಕ್ರವಾರ

ಊಹೆಯಲ್ಲ.

ಬಿಡುವಿಲ್ಲದೆ ಎರಡೆರಡು ಪಾಳಿ ದುಡಿಸುತ್ತಾರೆಂದು ಮೂವರು ಹೊಸ ನರ್ಸುಗಳು ಕಾರ್ಮಿಕ ಕಚೇರಿಗೆಂದು ನಮಗೆ ಹೇಳಿಕೆ ಬರೆದುಕೊಟ್ಟಿದ್ದರು. ಹೆಸರು ಹೊರಗೆ ಬರದಂತೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟವಳು ನಾನು. ಬುಧವಾರ ಜಲಜ ಪಕ್ಕದಲ್ಲಿ ಕೂತು ಓದಿ ಹೇಳಿದಳು, ನಾನು ಟೈಪ್ ಮಾಡಿದೆ; ಕಚೇರಿಗೆ ಇನ್ನೂ ಕಳಿಸಿರಲಿಲ್ಲ. ಇವತ್ತು ಮೂವರನ್ನೂ ಆಫೀಸಿಗೆ ಕರೆಸಿ, ದೂರದ ಬ್ರಾಂಚಿಗೆ ವರ್ಗ ಮಾಡಿದ ಕಾಗದ ಕೈಗಿಟ್ಟಿದ್ದಾರೆ. ಅವರಲ್ಲಿ ಅನುಪ್ರಿಯ ಬಸುರಿ. ಔಷಧಿಯ ಕೋಣೆಯಲ್ಲಿ ನನ್ನ ಕೈ ಹಿಡಿದುಕೊಂಡು, ಅಕ್ಕನನ್ನು ಕೇಳುವಂತೆ, "ಚೇಚಿ, ಯಾರಿಗೂ ಗೊತ್ತಾಗಲ್ಲ ಅಂದಿದ್ರಲ್ಲಾ," ಎಂದಳು. ಬಯ್ದಿದ್ದರೆ ವಾಸಿಯಿತ್ತು.

ಆ ಹೆಸರುಗಳು ಗೊತ್ತಿದ್ದದ್ದು ಇಬ್ಬರಿಗೆ. ನನಗೆ, ಜಲಜಳಿಗೆ.

ಬರೆದ ಮೇಲೆ ಈ ಸಾಲನ್ನು ಹೊಡೆದುಹಾಕೋಣವೆನ್ನಿಸಿತು. ಜಲಜ, ನಾನು ಒಂದೇ ದಿನ ಕೆಲಸಕ್ಕೆ ಸೇರಿದವರು. ನನ್ನ ಅಮ್ಮ ಸಾಯುವಾಗ ನಾನು ಡ್ಯೂಟಿಯಲ್ಲಿದ್ದೆ. ಬಾಯಿಗೆ ನೀರು ಬಿಟ್ಟವಳು ಜಲಜ. ಆದರೆ ಅವಳ ಮೈದುನನಿಗೆ ಮೊನ್ನೆ ಮೊನ್ನೆ ನಮ್ಮ ಆಸ್ಪತ್ರೆಯ ಔಷಧಿ ಅಂಗಡಿಯಲ್ಲೇ ಕೆಲಸ ಸಿಕ್ಕಿದೆ. ಅದೂ ನಿಜವಲ್ಲವೆ?

ಮಾರ್ಚ್ ೯, ಭಾನುವಾರ

ಸಭೆಗೆ ಬಂದವರೆಲ್ಲರ ಫೋನನ್ನು ಅನ್ನದ ಪಾತ್ರೆಯೊಳಗೆ ಹಾಕಿಸಿ, ಮುಚ್ಚಳ ಮುಚ್ಚಿ ಹೊರಗಿಟ್ಟೆ. ನಮ್ಮಲ್ಲಿ ಹಿರಿಯವಳಾದ ವಿಲಾಸಿನಿ ಚೇಚಿ ನಕ್ಕಳು. "ನನ್ನ ಫೋನಲ್ಲಿ ಮೊಮ್ಮಗನ ಫೋಟೋ ಬಿಟ್ರೆ ಏನಿಲ್ಲ ಕಣೇ. ಅದನ್ನೂ ಬೇಯಿಸ್ತೀಯಾ?" ಬೇರೆ ಯಾರೂ ನಗಲಿಲ್ಲ. ಬ್ಯಾಗುಗಳನ್ನೂ ನೋಡಿದೆ. ತುರ್ತು ವಾರ್ಡಿನ ಶಿಬಿನ್ ಜೇಬು ಹೊರಗೆಳೆದು ತೋರಿಸಿ, "ಚಡ್ಡಿನಾದ್ರೂ ಬಿಡ್ತೀಯಾ ಚೇಚಿ?" ಎಂದ. ಇಂಥ ಹೊತ್ತಲ್ಲೂ ಕೆಲವರಿಗೆ ತಮಾಷೆ.

ಜಲಜ ತಡವಾಗಿ ಬಂದಳು, ಏದುಸಿರು ಬಿಡುತ್ತ. "ರೋಸೀ, ನಿನ್ನ ಹತ್ರ ಒಂದು ವಿಷ್ಯ ಹೇಳ್ಬೇಕು."

"ಮೊದಲು ಬ್ಯಾಗ್ ತೆಗಿ," ಎಂದೆ.

ನನ್ನ ಮುಖ ನೋಡಿದಳು. ಆಮೇಲೆ ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು: ಕೊಡೆ, ಊಟದ ಡಬ್ಬಿ, ಬಾಚಣಿಗೆ, ಮಾತ್ರೆ. ಸಭೆ ಮುಗಿದರೂ ಹೇಳಬೇಕೆಂದದ್ದನ್ನು ಹೇಳಲಿಲ್ಲ. ನಿನ್ನೆ ಅವಳು ಮ್ಯಾನೇಜರ್ ಆಫೀಸಿನ ಮೆಟ್ಟಿಲು ಇಳಿಯುವುದನ್ನು ಲ್ಯಾಬಿನವರು ನೋಡಿದ್ದಾರೆ. ಇದನ್ನು ನೆನಪಿಡಬೇಕು.

ಮಾರ್ಚ್ ೧೩, ಗುರುವಾರ

ಒಂದು ಉಪಾಯ ಮಾಡಿದ್ದೇನೆ. ಮುಷ್ಕರಕ್ಕೆ ಮೊದಲು ಗೇಟಿನ ಬಳಿ ಒಂದು ಧರಣಿ ಎಂದು ಸುಳ್ಳು ಹುಟ್ಟಿಸಿ, ಮೂವರಿಗೆ ಮೂರು ಇ-ಮೇಲ್ ಕಳಿಸಿದೆ. ಜಲಜಳಿಗೆ ಸೋಮವಾರ ಎಂದು, ವಿಲಾಸಿನಿ ಚೇಚಿಗೆ ಮಂಗಳವಾರ ಎಂದು, ಶಿಬಿನ್‌ಗೆ ಬುಧವಾರ ಎಂದು. ಯಾರಿಗೂ ಹೇಳಬೇಡಿ, ನಿಮ್ಮೊಬ್ಬರಿಗೇ ತಿಳಿಸುತ್ತಿದ್ದೇನೆ ಎಂದು ಬರೆದೆ. ಯಾವ ದಿನ ಆಸ್ಪತ್ರೆಯವರು ಎಚ್ಚರವಾಗುತ್ತಾರೋ ಅದೇ ಉತ್ತರ.

ಪೌಲಿ ಗಂಜಿ ಹಾಕಿಕೊಂಡು ಕರೆದ, ಹಸಿವಿಲ್ಲ ಎಂದೆ.

ಮಾರ್ಚ್ ೧೫, ಶನಿವಾರ

ಕಾವಲಿನವರ ಡ್ಯೂಟಿ ಬೋರ್ಡ್ ನೋಡಿ ಬಂದೆ. ಸೋಮವಾರ, ಮಂಗಳವಾರ, ಬುಧವಾರ, ಮೂರೂ ದಿನ ಗೇಟಿಗೆ ಹೆಚ್ಚು ಜನ!

ಮೂವರೂ? ಸಾಧ್ಯವಿಲ್ಲ. ಜಲಜ ಉಳಿದಿಬ್ಬರನ್ನು ಮಾತಿಗೆಳೆದು ಅವರ ದಿನಗಳನ್ನೂ ತಿಳಿದುಕೊಂಡಿರಬೇಕು. ಅವಳು ಎದುರು ಕೂತರೆ ಯಾರು ತಾನೇ ಮನಸ್ಸು ಬಿಚ್ಚುವುದಿಲ್ಲ.

ಪೌಲಿಗೆ ಹೇಳಿದೆ. ಕ್ಲಾರಿನೆಟ್ಟಿನ ತುದಿಯನ್ನು ಬಾಯಿಂದ ತೆಗೆದು, "ಮೂರೂ ದಿನ ಗೊತ್ತಿದ್ದದ್ದು ನಿನ್ನೊಬ್ಬಳಿಗೇ ಅಲ್ವೇನೇ?" ಎಂದ.

"ಹಾಗಾದ್ರೆ ನಾನೇ ಹೋಗಿ ಹೇಳ್ದೆ ಅಂತೀಯಾ?"

"ನಾನೆಲ್ಲಂದೆ," ಎಂದು ತುದಿಯನ್ನು ಮತ್ತೆ ಬಾಯಿಗಿಟ್ಟುಕೊಂಡ. ಅವನಿಗೆ ಇಂಥದೆಲ್ಲ ಅರ್ಥವಾಗುವುದಿಲ್ಲ.

ಮಾರ್ಚ್ ೧೬, ಭಾನುವಾರ

ಇವತ್ತು ಜಲಜಳನ್ನು ಸಮಿತಿಯಿಂದ ತೆಗೆದೆವು. ಮಾತನ್ನೆತ್ತಿದವಳು ನಾನೇ. ವರ್ಗವಾದ ಹೆಸರುಗಳು, ಮೈದುನನ ಕೆಲಸ, ಆಫೀಸಿನ ಮೆಟ್ಟಿಲು, ಮೂರು ದಿನಗಳ ಪರೀಕ್ಷೆ, ಎಲ್ಲವನ್ನೂ ಒಂದರ ಹಿಂದೊಂದು ಮುಂದಿಟ್ಟೆ. ಚೆನ್ನಾಗಿಯೇ ಹೇಳಿದೆ ಎನ್ನಿಸಿತು.

"ನನಗೂ ಒಂದು ಸುಳ್ಳು ಕಳ್ಸಿದ್ಯಾ?" ಎಂದಳು ವಿಲಾಸಿನಿ ಚೇಚಿ. ಅವಳಿಗೆ ನೋವಾಗಿದೆ. ಆಮೇಲೆ ಸರಿಮಾಡಿಕೊಳ್ಳಬಹುದು.

ಜಲಜ ಅಳಲಿಲ್ಲ, ಜಗಳವಾಡಲಿಲ್ಲ. "ಮೆಟ್ಟಿಲು ಹತ್ತಿದ್ದು ಹೌದು," ಎಂದಳು. "ಯಾಕೆ ಅಂತ ಕೇಳೋರಿಗೆ ಹೇಳ್ಬಹುದು. ನೀನು ಕೇಳ್ತಾ ಇಲ್ಲ ರೋಸೀ, ತೀರ್ಪು ಓದ್ತಾ ಇದ್ದೀಯ." ಎದ್ದು ಹೊರಟುಹೋದಳು.

ತಪ್ಪಿಲ್ಲದವರು ಇಷ್ಟು ಸಮಾಧಾನವಾಗಿ ಹೋಗುತ್ತಾರೆಯೇ?

ಮಾರ್ಚ್ ೧೮, ಮಂಗಳವಾರ

ಮುಷ್ಕರದ ನೋಟಿಸ್ ಕೊಟ್ಟೆವು. ಇನ್ನು ಸೋರುವುದಿಲ್ಲ.

ಮಾರ್ಚ್ ೨೦, ಗುರುವಾರ

ಡೇವಿಸ್ ಸಾರ್ ಮಾತುಕತೆಗೆ ಕರೆದಿದ್ದರು. ಚಹಾ ತರಿಸಿದರು. ಲೋಟ ನನ್ನ ಕಡೆ ಸರಿಸುತ್ತ, "ಸಂಬಳದ ಮಾತು ಆಮೇಲೆ ನೋಡೋಣ ಸಿಸ್ಟರ್. ಡಯಾಲಿಸಿಸ್‌ಗೆ ಸಂಜೆ ಪಾಳಿಗೆ ಒಬ್ರನ್ನ ಕೊಟ್ಟುಬಿಟ್ರೆ, ಮಳೆಗಾಲ ಮುಗಿಯೋವರೆಗೆ ನೀವು ಸುಮ್ನಿರ್ತೀರ, ಅಲ್ವಾ?" ಎಂದರು.

ಲೋಟವನ್ನು ಹಾಗೇ ಮೇಜಿನ ಮೇಲೆ ಬಿಟ್ಟೆ.

ಆ ಮಾತು ನನ್ನದು. ಮೊನ್ನೆ ಮುಷ್ಕರ ನೆನೆದು ಭಯವಾಗಿ, 'ಸಂಜೆ ಪಾಳಿಗೆ ಒಬ್ಬರನ್ನು ಕೊಟ್ಟರೆ ಮಳೆಗಾಲ ಮುಗಿಯುವವರೆಗೆ ಮುಂದೂಡಬಹುದು' ಎಂದು ಟೈಪ್ ಮಾಡಿದ್ದೆ. ಓದಿ ನಾಚಿಕೆಯಾಗಿ ಅಲ್ಲೇ ಅಳಿಸಿದ್ದೆ. ಯಾರಿಗೂ ಹೇಳಿಲ್ಲ, ಕಳಿಸಿಲ್ಲ. ಸಮಿತಿಯಲ್ಲಿ ಜಲಜ ಇಲ್ಲವೇ ಇಲ್ಲ.

ಆ ಹೊತ್ತಿನಲ್ಲಿ ಮನೆಯಲ್ಲಿದ್ದದ್ದು ಪೌಲಿ ಒಬ್ಬ.

ಮಾರ್ಚ್ ೨೧, ಶುಕ್ರವಾರ

ಬೆಳಿಗ್ಗೆ ಪೌಲಿ ಸ್ನಾನಕ್ಕೆ ಹೋದಾಗ ಅವನ ಫೋನ್ ನೋಡಿದೆ. ಏನೂ ಇರಲಿಲ್ಲ. ಶರ್ಟಿನ ಜೇಬು ನೋಡಿದೆ. ಆಮೇಲೆ ಕ್ಲಾರಿನೆಟ್ಟಿನ ಪೆಟ್ಟಿಗೆಯ ಒಳಬಟ್ಟೆಯನ್ನು ಎತ್ತಿ ನೋಡುತ್ತಿದ್ದೆ. ಅವನು ಟವೆಲ್ ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ.

"ಏನು ಹುಡುಕ್ತಿದ್ದೀಯ?"

ಹೇಳಿದೆ. ಅವನು ಸಿಟ್ಟಾಗುತ್ತಾನೆಂದುಕೊಂಡಿದ್ದೆ. ಮಂಚದ ಮೇಲೆ ಕೂತ, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. "ರೋಸಿಲೀ, ಆ ಕಂಪ್ಯೂಟರ್ ಡಬ್ಬ ಆನ್ ಮಾಡೋಕೂ ನಿನ್ನನ್ನೇ ಕೂಗ್ತೀನಲ್ಲೇ ನಾನು. ಮೊದ್ಲು ಜಲಜ, ಈಗ ನಾನು. ನಾಳೆ ಯಾರು, ನಿನ್ನ ನೆರಳಾ?" ಕೈಯಿಂದ ಕೂದಲಿನ ನೀರು ಕೊಡವಿ, "ಎಲ್ಲರ ಬ್ಯಾಗೂ ತೆಗ್ಸಿದ್ಯಲ್ಲ, ಅದನ್ನೊಂದು ಯಾರಿಗಾದ್ರೂ ತೆಗ್ಸಿ ತೋರ್ಸೇ," ಎಂದು ಮೂಲೆಯಲ್ಲಿದ್ದ ಕಂಪ್ಯೂಟರಿನತ್ತ ಗಲ್ಲದಿಂದ ಸನ್ನೆ ಮಾಡಿದ.

ಮಧ್ಯಾಹ್ನ ಎದುರು ಮನೆಯ ಸಫಿಯ ಟೀಚರನ್ನು ಕರೆದುತಂದೆ. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಚಹಾ ಕೊಡಲು ಹೋಗಿ ನಾಲಿಗೆ ಕಚ್ಚಿಕೊಂಡೆ; ಅವಳಿಗೆ ರಂಜಾನ್ ಉಪವಾಸ. "ನಂಗೆ ನೀರೂ ಇಲ್ಲ, ನಿಂಗೆ ಮೀನೂ ಇಲ್ಲ. ಇಬ್ರಿಗೂ ತಲೆ ಚುರುಕಾಗಿರುತ್ತೆ, ಬಾ," ಎಂದು ಕೂತಳು.

ಪರದೆಯ ಮೇಲೆ ತೆರೆದಿದ್ದ ಎಲ್ಲವನ್ನೂ ಮುಚ್ಚಿ ಒಂದು ಪಟ್ಟಿ ತೆರೆದಳು. "ನೋಡು, ನೀನೀಗ ಏನೂ ಮಾಡ್ತಿಲ್ಲ. ಆದ್ರೂ ನಿನ್ನ ಕಂಪ್ಯೂಟರ್ ಹೊರಗೆ ಯಾರ ಜೊತೆಗೋ ಪಿಸುಪಿಸು ಅಂತಿದೆ." ಪಟ್ಟಿಯ ಫೋಟೋ ತೆಗೆದುಕೊಂಡು, ಇಂಟರ್ನೆಟ್ಟಿನ ತಂತಿ ಕಿತ್ತಳು. ಆಮೇಲೆ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟಳು. ಪ್ರಿಂಟರಿಗೆ ಸಹಾಯ ಮಾಡುವ ಪ್ರೋಗ್ರಾಂ ಎಂದು ಹೆಸರಿತ್ತು.

"ನಿನ್ನ ಪ್ರಿಂಟರ್ ಎಲ್ಲಿ?"

"ಇಲ್ಲ. ಬೇಕಾದಾಗ ಅಂಗಡಿಗೆ ಹೋಗ್ತೀನಿ."

"ಇಲ್ಲದ ಪ್ರಿಂಟರ್‌ಗೆ ಈ ಮಹಾಶಯ ಯಾವ ಸಹಾಯ ಮಾಡ್ತಿದ್ದಾನೆ?"

ಅದು ಬಂದು ಕೂತ ತಾರೀಖು ಜನವರಿಯದು. ಅದೇ ದಿನದ ಇ-ಮೇಲ್‌ಗಳನ್ನು ನನ್ನ ಫೋನಿನಲ್ಲಿ ತೆಗೆಸಿದಳು. ಕಾರ್ಮಿಕ ಕಚೇರಿಯಿಂದ ಬಂದಂತಿದ್ದ ಒಂದು ಮೇಲ್, 'ಹೊಸ ಸಂಬಳದ ವಿವರ' ಎಂಬ ಫೈಲ್. ವಿಳಾಸದಲ್ಲಿ ಒಂದಕ್ಷರ ಮಾತ್ರ ಬೇರೆ. ನೆನಪಾಯಿತು. ತೆರೆದಿದ್ದೆ, ಬಿಳಿ ಹಾಳೆ ಬಂದಿತ್ತು, ಕೆಟ್ಟ ಫೈಲ್ ಎಂದು ಮುಚ್ಚಿದ್ದೆ.

"ಬೀಗ ಒಡ್ದು ಬರೋ ಕಳ್ಳ ಅಲ್ಲ ಇವ್ನು," ಎಂದಳು ಸಫಿಯ. "ಒಂದ್ಸಲ ನೀನೇ ಕೈ ಹಿಡ್ದು ಒಳಗೆ ಕರ್ಕೊಂಡಿದ್ದೀಯ. ಒಳಗೆ ಬಂದೋನು ಹಿತ್ತಲ ಕಡೆ ಒಂದು ಬಾಗಿಲು ಮಾಡ್ಕೊಂಡು, ಅದಕ್ಕೆ ಗೋಡೆ ಬಣ್ಣಾನೇ ಬಳ್ದಿದ್ದಾನೆ. ನೀನು ದಿನಾ ಮುಂಬಾಗಿಲಿಗೆ ಚಿಲಕ ಹಾಕಿ ಮಲಗ್ತಾ ಇದ್ದೀಯ, ಅವ್ನು ಆ ಕಡೆಯಿಂದ ಬಂದು ಹೋಗ್ತಾ ಇದ್ದಾನೆ."

"ನಾನು ಟೈಪ್ ಮಾಡಿ ಅಳ್ಸಿದ್ದೂ ಗೊತ್ತಾಗುತ್ತಾ?"

"ನೀನು ಒತ್ತಿದ ಒಂದೊಂದು ಅಕ್ಷರಾನೂ. ಅಳ್ಸೋಕೆ ಒತ್ತಿದ್ದೂ."

ಮೂವರ ಹೆಸರು. ಮೂರು ದಿನಗಳು. ಮುಂದೂಡುವ ಮಾತು. ಎಲ್ಲವೂ ಈ ಕೀಲಿಗಳ ಮೇಲೆ ನನ್ನ ಬೆರಳಿಂದಲೇ ಹೋಗಿದ್ದವು. ಪೌಲಿ ಬಾಗಿಲಲ್ಲಿ ನಿಂತಿದ್ದವನು ಒಳಗೆ ಹೋದ.

ಈಗಲೇ ತೆಗೆದುಹಾಕು ಎಂದೆ. ಸಫಿಯ ಆ ಪ್ರೋಗ್ರಾಮನ್ನು ಅಳಿಸಿ, ಕಂಪ್ಯೂಟರನ್ನು ಮುಚ್ಚಿ ಮತ್ತೆ ತೆರೆದಳು. ಅದೇ ಹೆಸರು ಅದೇ ಜಾಗದಲ್ಲಿ ಬಂದು ಕೂತಿತ್ತು!

"ನಿಂಗೆ ತೋರ್ಸೋಕೇ ಹೀಗೆ ಮಾಡ್ದೆ. ಇನ್ನೊಂದೆಲ್ಲೋ ಅಡಗಿ ಕೂತು ಇದನ್ನ ಮತ್ತೆ ಹುಟ್ಟಿಸ್ತಾ ಇದೆ. ಅದನ್ನೂ ಹಿಡೀಬಹುದು. ಆದ್ರೆ ಮೂರನೇದು ಇಲ್ಲ ಅಂತ ನಾನು ಆಣೆ ಇಡಲ್ಲ. ಈ ಡಿಸ್ಕನ್ನೇ ಬಿಚ್ಚಿ ಪೊಲೀಸಿಗೆ ಕೊಡೋಣ, ಸಾಕ್ಷಿಗಾಗುತ್ತೆ. ನಿನಗೆ ಹೊಸ ಡಿಸ್ಕ್, ಎಲ್ಲ ಮೊದಲಿಂದ."

ಮಾರ್ಚ್ ೨೨, ಶನಿವಾರ

ಹೊಸ ಡಿಸ್ಕ್ ಹಾಕಿದ್ದಾಯಿತು. ಹಳೆಯದರಿಂದ ಪತ್ರಗಳು, ಫೋಟೋಗಳು ಮಾತ್ರ, ಅವನ್ನೂ ಸಫಿಯ ತನ್ನ ಹತ್ತಿರ ಒಂದೊಂದಾಗಿ ಪರೀಕ್ಷಿಸಿ ಕೊಟ್ಟಳು. ಹಳೆಯ ಪ್ರೋಗ್ರಾಂ ಒಂದೂ ಬರಕೂಡದೆಂದಳು. ಪಾಸ್‌ವರ್ಡುಗಳನ್ನೆಲ್ಲ ಅವಳ ಕಂಪ್ಯೂಟರಿನಿಂದಲೇ ಬದಲಾಯಿಸಿದೆವು. "ಬಾಗಿಲು ಮುಚ್ಚಿದ್ರೇನು, ಬೀಗದ ಕೈಗಳೆಲ್ಲ ಅವನ ಜೇಬಲ್ಲೇ ಇವೆಯಲ್ಲಾ."

ಅದು ನಿಜವಾಯಿತು. ನನ್ನ ಇ-ಮೇಲ್ ಸೆಟ್ಟಿಂಗಿನಲ್ಲಿ ಒಂದು ಸಾಲು ಸಿಕ್ಕಿತು: ನನಗೆ ಬಂದ ಪ್ರತಿ ಪತ್ರದ ನಕಲೂ ಸದ್ದಿಲ್ಲದೆ ಇನ್ನೊಂದು ವಿಳಾಸಕ್ಕೆ ಹೋಗಬೇಕೆಂದು. ಕಂಪ್ಯೂಟರನ್ನು ಎಷ್ಟು ತೊಳೆದಿದ್ದರೂ ಅದು ಹೋಗುತ್ತಲೇ ಇರುತ್ತಿತ್ತು. ಅಳಿಸಿದೆವು.

ಸೈಬರ್ ಪೊಲೀಸರಿಗೆ ದೂರು, ಡಿಸ್ಕ್ ಎರಡನ್ನೂ ಕೊಟ್ಟೆ. ಆ ವಿಳಾಸ ಬೇರೆ ಯಾವುದೋ ದೇಶದ್ದಂತೆ, ಹಿಂದೆ ಯಾರಿದ್ದಾರೆಂದು ತಿಳಿಯಲು ಸಮಯ ಹಿಡಿಯುತ್ತದಂತೆ. ಡೇವಿಸ್ ಸಾರ್ ಬಾಯಿಂದ ನನ್ನ ಮಾತು ಬಂದಿತೆಂದು ಬರೆಸಿದೆ. ಇನ್ಸ್‌ಪೆಕ್ಟರಮ್ಮ ತಲೆ ಎತ್ತಿ ನನ್ನನ್ನು ನೋಡಿ, ಹಾಗೆಯೇ ಬರೆದುಕೊಂಡಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಸಫಿಯಳನ್ನು ಕೇಳಿದೆ: "ಜನವರಿಯ ಆ ಸುಳ್ಳು ಮೇಲ್ ಜಲಜಾನೇ ಕಳ್ಸಿರ್ಬಹುದಾ?"

ಸಫಿಯ ಕಿಟಕಿಯಿಂದ ಮುಖ ತಿರುಗಿಸಿದಳು. "ನಿನ್ನ ಕಂಪ್ಯೂಟರ್ ಆಯ್ತು. ನಂಗೆ ಅಷ್ಟೇ ಬರೋದು ರೋಸಿಲಿ." ಇಳಿಯುವವರೆಗೆ ಮಾತಾಡಲಿಲ್ಲ. ಉಪವಾಸದ ಸುಸ್ತಿರಬೇಕು.

ಮಾರ್ಚ್ ೨೩, ಭಾನುವಾರ

ಸಮಿತಿಗೆ ಹೇಳಿದೆ. ಸೋರಿದ್ದು ನನ್ನ ಕಂಪ್ಯೂಟರಿನಿಂದ ಎಂದೆ. ಅದನ್ನು ಹೇಗೆ ಹುಡುಕಿದೆವು, ಹೇಗೆ ತೆಗೆದೆವು ಎಂದು ಬಹಳ ಹೊತ್ತು ವಿವರಿಸಿದೆ. ಎಲ್ಲರೂ ಕೇಳಿಸಿಕೊಂಡರು. ಮುಗಿದ ಮೇಲೆ ವಿಲಾಸಿನಿ ಚೇಚಿ ಒಂದೇ ಮಾತು ಕೇಳಿದಳು.

"ಜಲಜ?"

ನಾನು ಕಾರ್ಯದರ್ಶಿ ಸ್ಥಾನ ಬಿಡುತ್ತೇನೆ ಎಂದೆ.

"ಮುಷ್ಕರ ಕಣ್ಣೆದುರು ಇಟ್ಕೊಂಡು ಓಡಿ ಹೋಗ್ತೀಯಾ? ಅದು ಮುಗೀಲಿ, ಆಮೇಲೆ ನಾವೇ ಬಿಡಿಸ್ತೀವಿ," ಎಂದಳು ಚೇಚಿ. "ನಾನು ಕೇಳಿದ್ದು ಅದಲ್ಲ."

ಶಿಬಿನ್ ನೆಲ ನೋಡುತ್ತಿದ್ದ. ಜಲಜಳನ್ನು ತೆಗೆಯಲು ಅವನೂ ಕೈ ಎತ್ತಿದ್ದನಲ್ಲ.

ಮಾರ್ಚ್ ೨೪, ಸೋಮವಾರ

ಹೋಗಲಿಲ್ಲ. ಡ್ಯೂಟಿ ಇತ್ತು.

ಮಾರ್ಚ್ ೨೫, ಮಂಗಳವಾರ

ಡ್ಯೂಟಿ ಇರಲಿಲ್ಲ. ಆದರೂ ಹೋಗಲಿಲ್ಲ.

ಮಾರ್ಚ್ ೨೬, ಬುಧವಾರ

ಜಲಜ ಹಿತ್ತಲಲ್ಲಿ ಹಲಸಿನಕಾಯಿ ಹೆಚ್ಚುತ್ತಿದ್ದಳು. ಕೈಗೆ, ಕತ್ತಿಗೆ ಎಣ್ಣೆ. ಕೂರು ಎನ್ನಲಿಲ್ಲ. "ಹೇಳು," ಎಂದಳು.

ನಿಂತೇ ಹೇಳಿದೆ. ಸುಳ್ಳು ಮೇಲ್, ಬಿಳಿ ಹಾಳೆ, ಇಲ್ಲದ ಪ್ರಿಂಟರ್. ಅವಳು ಕತ್ತಿ ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಅಂಟು ಒರೆಸುತ್ತ ಕೇಳಿದಳು: "ಕಂಪ್ಯೂಟರ್‌ಗೆ ಅದು ಬಂದಿತ್ತು, ಸರಿ. ನಿನಗೇನು ಬಂದಿತ್ತು?"

ಜಲಜ ಇನ್ನೊಂದು ಹೋಳನ್ನು ಎಳೆದುಕೊಂಡು ಹೆಚ್ಚತೊಡಗಿದಳು.

"ಅವತ್ತು ಮೆಟ್ಟಿಲು ಹತ್ತಿದ್ದು ಯಾಕೆ ಗೊತ್ತಾ? ಹೆಡ್ ನರ್ಸ್ ಮಾಡ್ತೀವಿ, ಸಂಘ ಬಿಡು ಅಂತ ಕರ್ಸಿದ್ರು. ಮೈದುನನ ಕೆಲ್ಸಾನೂ ನೆನಪಿಸಿದ್ರು. ಆಗಲ್ಲ ಅಂದು ಇಳ್ದು ಬಂದೆ. ಮಾರನೇ ದಿನ ಆ ಸಂತೋಷಾನ ನಿಂಗೆ ಹೇಳೋಕೆ ಓಡೋಡಿ ಬಂದ್ರೆ, ಬ್ಯಾಗ್ ತೆಗಿ ಅಂದೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲಾ."

"ಹೇಳಿದ್ರೆ ನಂಬ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದೆ. "ನಂಬ್ತಿರ್ಲಿಲ್ಲ. ಅದನ್ನೂ ಇನ್ನೊಂದು ಸಾಕ್ಷಿ ಮಾಡ್ಕೋತಿದ್ದೆ. ಮೊನ್ನೆ ಎಲ್ಲ ಗೊತ್ತಾದ ಮೇಲೂ, ಮೇಲ್ ಕಳ್ಸಿದ್ದು ನೀನೇ ಏನೋ ಅಂತ ಸಫಿಯಾನ ಕೇಳಿದೆ."

ಈಗ ಕತ್ತಿ ನಿಂತಿತು. ಅದನ್ನು ಹೇಳಬೇಕಾದ ಅಗತ್ಯ ಇರಲಿಲ್ಲ. ಹೇಗೋ ಬಾಯಿಗೆ ಬಂದುಬಿಟ್ಟಿತು.

"ಮೈದುನ ಕೆಲ್ಸ ಕಳ್ಕೊಂಡ, ಗೊತ್ತಾ?" ಎಂದಳು. "ಹೋದ ವಾರ. ಅವ್ನಿಗೆ ಸಮಾಧಾನ ಹೇಳೋಕೂ ಆಗ್ಲಿಲ್ಲ ನಂಗೆ. ಆ ಕಡೆಯೋರಿಗೂ ಬೇಡ, ಈ ಕಡೆಯೋರಿಗೂ ಬೇಡ." ಮತ್ತೆ ಹೆಚ್ಚತೊಡಗಿದಳು. "ಮುಷ್ಕರಕ್ಕೆ ಬರ್ತೀನಿ. ಅದು ನಿನ್ನ ಮನೆ ಸ್ವತ್ತಲ್ಲ. ನಿನ್ನ ಮನೆಗೆ ಮಾತ್ರ ಬರಲ್ಲ."

ಆಯ್ತು ಎಂದೆ. ಬರುವಾಗ ದಾರಿ ತಪ್ಪಿ ಬೇರೆ ಬಸ್ ಹತ್ತಿದ್ದೆ.

ಏಪ್ರಿಲ್ ೨, ಬುಧವಾರ

ಇವತ್ತಿನಿಂದ ಮುಷ್ಕರ. ಡಯಾಲಿಸಿಸ್‌ಗೂ ತುರ್ತು ವಾರ್ಡಿಗೂ ಸರದಿಯ ಮೇಲೆ ನಮ್ಮವರನ್ನೇ ಬಿಟ್ಟಿದ್ದೇವೆ. ರೋಗಿಗಳ ಮೇಲೆ ಹಗೆಯಿಲ್ಲವಲ್ಲ. ಪೌಲಿಯ ಬ್ಯಾಂಡಿನವರು ಪೆಂಡಾಲ್ ಕಟ್ಟಿಕೊಟ್ಟರು. ಬಿಸಿಲು ವಿಪರೀತ. ಜಲಜ ಮುಂದಿನ ಸಾಲಿನಲ್ಲಿ ಕೂತಿದ್ದಳು, ಅನುಪ್ರಿಯಳ ಪಕ್ಕ. ನಾನು ಹಿಂದೆ ಕೂತೆ.

ಏಪ್ರಿಲ್ ೫, ಶನಿವಾರ

ಕೈ ನೋಯುತ್ತಿದೆ, ಘೋಷಣೆ ಕೂಗಿ ಗಂಟಲೂ ಹೋಗಿದೆ. ಆದರೂ ಬರೆಯುತ್ತೇನೆ.

ಇವತ್ತು ಡೇವಿಸ್ ಸಾರ್ ತಾವೇ ಗೇಟಿಗೆ ಇಳಿದು ಬಂದರು. ನಾವು ಯಾವುದಕ್ಕೆ ಒಪ್ಪುತ್ತೇವೆ, ಯಾವುದಕ್ಕೆ ಇಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದರು. ನಮ್ಮ ಪರವಾಗಿ ಜಲಜ ಮಾತಾಡಲಿ ಎಂದು ನಾನೇ ಹೇಳಿದೆ. ಅವಳು ಎದ್ದು ಸೆರಗು ಸರಿಮಾಡಿಕೊಂಡು, "ಮೊದ್ಲು ಆ ಮೂರು ಮಕ್ಕಳ ವರ್ಗ ರದ್ದು ಮಾಡಿ ಸಾರ್. ಆಮೇಲೆ ಬಾಕಿ ಮಾತು," ಎಂದಳು. ಇಷ್ಟೇ. ನಿಂತೇ ಮಾತಾಡಿದಳು, ಕುರ್ಚಿ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಕಾರ್ಮಿಕ ಅಧಿಕಾರಿಯ ಮುಂದೆ ಸಹಿಯಾಯಿತು. ವರ್ಗ ರದ್ದು. ಡಯಾಲಿಸಿಸ್‌ಗೆ ಹಗಲಿಗೊಬ್ಬರು, ಸಂಜೆಗೊಬ್ಬರು. ಸಂಬಳ ಮೂರು ಕಂತಿನಲ್ಲಿ ಏರುತ್ತದೆ, ಕೇಳಿದಷ್ಟಲ್ಲ. ಮೈದುನನ ಕೆಲಸದ ಮಾತು ನಾನು ಎತ್ತಿದೆ, ಅದಕ್ಕೆ ಅವರು ಒಪ್ಪಲಿಲ್ಲ. ಕಾರ್ಯದರ್ಶಿಯ ಮೊಹರನ್ನು ವಿಲಾಸಿನಿ ಚೇಚಿಯ ಕೈಗೆ ಕೊಟ್ಟೆ. ಈ ಸಲ ಬೇಡವೆನ್ನಲಿಲ್ಲ.

ಎಲ್ಲರೂ ನಮ್ಮ ಮನೆಗೆ ಗಂಜಿಗೆ ಬಂದರು. ಮನೆ ತುಂಬ ಗಲಾಟೆ. ಯಾರು ಬಂದರು, ಯಾರು ಯಾರ ಜೊತೆ ಕೂತರು, ನಾನು ಗಮನಿಸಲಿಲ್ಲ. ಪೌಲಿ ಗೇಟಿನ ಕಡೆ ನೋಡಿ ನನ್ನ ಭುಜ ತಟ್ಟಿದ. ಜಲಜ ರಸ್ತೆಯಲ್ಲಿ ನಿಂತಿದ್ದಳು. ಬಸ್ಸಿಗೆ ಹೋಗುವವಳು ಅನುಪ್ರಿಯಳನ್ನು ಇಲ್ಲಿಯವರೆಗೆ ಬಿಡಲು ಬಂದಿದ್ದಳಂತೆ.

ನಾನು ಹೋದೆ. ಒಳಗೆ ಬಾ ಎನ್ನಲಿಲ್ಲ, ಅವಳೂ ಗೇಟು ಮುಟ್ಟಲಿಲ್ಲ. ಬುಧವಾರ ಡಯಾಲಿಸಿಸ್‌ಗೆ ಬರುವ ಅಜ್ಜ, ಕುರಿಯನ್ ಅಪ್ಪಚ್ಚನ್‌ಗೆ ಈಗ ಹೇಗಿದೆ ಎಂದು ಕೇಳಿದಳು. ನೀರಿನ ಊತ ಇಳಿದಿದೆ, ಆದರೆ ಕದ್ದು ಉಪ್ಪಿನಕಾಯಿ ತಿನ್ನುತ್ತಾನೆ ಎಂದೆ. "ಮುದುಕನಿಗೆ ನಾನೇ ಬಂದು ಬೈಬೇಕು," ಎಂದಳು.

ಅಷ್ಟರಲ್ಲಿ ಪೌಲಿ ಎರಡು ಸ್ಟೂಲ್ ತಂದು ಗೇಟಿನ ಹೊರಗೆ, ರಸ್ತೆಯ ಅಂಚಿಗೆ ಇಟ್ಟ. ಮತ್ತೆ ಒಳಗೆ ಹೋಗಿ, ಎರಡು ಬಟ್ಟಲು ಗಂಜಿ ತಂದು ನಮ್ಮ ಕೈಗೆ ಕೊಟ್ಟ.

ಜಲಜ ಸ್ಟೂಲನ್ನು ನೋಡಿದಳು, ಬಸ್ ಬರುವ ದಾರಿಯನ್ನು ನೋಡಿದಳು. ಆಮೇಲೆ ಕ್ಯಾನ್ವಾಸ್ ಶೂ ಸಡಿಲಿಸಿಕೊಂಡು ಕೂತಳು.